ಹಾಸಿಗೆಯ ನಾಲ್ಕು ಮೂಲೆ

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: ಮಾರ್ಕ 2:1-12

ಎಲ್ಲರೂ ಕೂತ್ಕೊಳ್ಳಿ. ಹಿಂದೆ ಗೋಡೆಗೆ ಒರಗಿ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ಮಾರ್ಕನ ಸುವಾರ್ತೆ 2ನೇ ಅಧ್ಯಾಯ ತೆಗೆದು ಬೆರಳು ಅಲ್ಲೇ ಇಟ್ಟುಕೊಂಡಿರಿ. ಅಲ್ಲಿಗೆ ಆಮೇಲೆ ಬರ್ತೀನಿ. ಈ ವಿಷಯ ಇವತ್ತೇ ಯಾಕೆ ಅಂತ ಮೊದಲು ಹೇಳಿಬಿಡ್ತೀನಿ. ಇನ್ನು ಮೂರು ವಾರಕ್ಕೆ ಹೊಸ ವರ್ಷ. ಹೊಸ ವರ್ಷ ಬಂದ ಕೂಡಲೇ ನಮ್ಮಲ್ಲಿ 21 ದಿನಗಳ ಉಪವಾಸ ಪ್ರಾರ್ಥನೆ. ನಿಮ್ಮಲ್ಲಿ ಅನೇಕರು ಈಗಾಗಲೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಕೊಟ್ಟಿದ್ದೀರಿ. ಸಂತೋಷ. ನಾನು ಮಾತ್ರ ಕೊಟ್ಟಿಲ್ಲ, ಕೊಡೋದೂ ಇಲ್ಲ. ಯಾಕೆ ಅಂತ ಹೋದ ವರ್ಷ ಇಬ್ಬರು ಕೇಳಿದ್ರು, ಆಗ ನಗುತ್ತಾ ಮಾತು ತಪ್ಪಿಸಿದೆ. ಇವತ್ತು ಪಾಸ್ಟರ್ ಅವರಿಗೆ ಹೇಳಿ, ಅವರ ಒಪ್ಪಿಗೆಯಿಂದಲೇ ಉತ್ತರ ಕೊಡ್ತಿದ್ದೀನಿ.

ನನಗೆ ಆಗ 19 ವರ್ಷ. ಡಿಗ್ರಿ ಎರಡನೇ ವರ್ಷ. ಹಾಸನದಿಂದ ಬೆಂಗಳೂರಿಗೆ ಬಂದು ಪಿಜಿಯಲ್ಲಿದ್ದೆ. ಆಗ ಹೋಗುತ್ತಿದ್ದ ಸಭೆಯಲ್ಲಿ ಜನವರಿ ಉಪವಾಸಕ್ಕೆ ಸೇರಿ, ದಿನಕ್ಕೆ ಒಂದು ಹೊತ್ತು ಬಿಡೋದು ಅಂತ ಶುರು ಮಾಡಿದೆ. ಪ್ರಾಮಾಣಿಕವಾಗಿಯೇ ಶುರು ಮಾಡಿದ್ದು. 21 ದಿನ ಆದಮೇಲೆ ಎಲ್ಲರೂ ನಿಲ್ಲಿಸಿದರು, ನಾನು ನಿಲ್ಲಿಸಲಿಲ್ಲ. ಅಷ್ಟರಲ್ಲಿ ನನ್ನ ಕಿವಿಗೆ ಎರಡು ಮಾತು ಬಿದ್ದಿತ್ತು. ಒಂದು, "ಎಷ್ಟು ಸಣ್ಣ ಆಗಿದ್ದೀಯ, ಏನು ಮಾಡ್ದೆ?" ಇನ್ನೊಂದು, "ಎಂಥ ಆತ್ಮಿಕ ಹುಡುಗಿ ನೋಡಿ!" ಈ ಎರಡೂ ಹೊಗಳಿಕೆ ಒಟ್ಟಿಗೆ ಸಿಕ್ಕಿದ್ರೆ 19 ವರ್ಷದವಳಿಗೆ ಅದು ಎಂಥ ನಶೆ ಅಂತ ನಾನು ವಿವರಿಸಬೇಕಾ?

ಉಪವಾಸ ಜನರಿಗೆ ಕಾಣೋದಕ್ಕಾಗಿ ಇರಬಾರದು, ತಂದೆಗೆ ಮಾತ್ರ ಕಾಣಲಿ ಅಂತ ಯೇಸು ಸ್ವಾಮಿ ಕಲಿಸಿದ್ದು ಮತ್ತಾಯ 6ರಲ್ಲಿದೆ. ತೋರಿಕೆಯ ಭಕ್ತಿಯ ವಿರುದ್ಧ ಹೇಳಿದ ಆ ಮಾತನ್ನೇ ನಾನು ನನ್ನ ಬಾಗಿಲಿಗೆ ಚಿಲಕ ಮಾಡ್ಕೊಂಡೆ. ನಮ್ಮ ಕಡೆ "ಊಟ ಆಯ್ತಾ?" ಅನ್ನೋದು ಪ್ರಶ್ನೆಯೇ ಅಲ್ಲ, ಅದು ನಮಸ್ಕಾರ ಇದ್ದ ಹಾಗೆ. ದಿನಕ್ಕೆ ಹತ್ತು ಜನ ಕೇಳ್ತಾರೆ. ನಾನು ಹತ್ತು ಜನಕ್ಕೂ "ಪ್ರಾರ್ಥನೆಯಲ್ಲಿದ್ದೀನಿ, ಜಾಸ್ತಿ ಕೇಳಬೇಡಿ" ಅಂತಿದ್ದೆ. ದೇವರ ಹೆಸರು ಹೇಳಿದ ಮೇಲೆ ಯಾರು ತಾನೇ ಮುಂದೆ ಕೇಳ್ತಾರೆ?

ಇನ್ನೊಂದು ವಿಷಯ ಹೇಳೋಕೆ ನಾಚಿಕೆಯಾಗುತ್ತೆ, ಆದರೂ ಹೇಳ್ತೀನಿ. ಕರ್ತನ ಮೇಜಿನ ಭಾನುವಾರ ರೊಟ್ಟಿಯ ತುಂಡು ಕೈಗೆ ಬಂದಾಗ ನಾನು ಶಿಲುಬೆಯನ್ನು ನೆನೆಯುತ್ತಿರಲಿಲ್ಲ. ಉಗುರಿನಷ್ಟು ತುಂಡು ಅದು. ಅದರ ಲೆಕ್ಕ ಹಾಕ್ತಿದ್ದೆ. ಯಾವಾಗಲೂ ಚಿಕ್ಕ ತುಂಡು ಹುಡುಕುತ್ತಿದ್ದೆ. ಆ ದಿನಗಳಲ್ಲಿ ನನ್ನ ಆರಾಧನೆ ಯಾರಿಗೆ ಸಲ್ಲುತ್ತಿತ್ತು ಅಂತ ಈಗ ಯೋಚಿಸಿದರೆ ಭಯವಾಗುತ್ತೆ.

ನನಗಿದ್ದದ್ದು ಅನೊರೆಕ್ಸಿಯಾ ನರ್ವೋಸಾ. ಇದು ಇನ್‌ಸ್ಟಾಗ್ರಾಂ ತಂದ ಹೊಸ ಕಾಯಿಲೆ ಅಂದುಕೊಳ್ಳಬೇಡಿ. 1873ರಲ್ಲೇ ಪ್ಯಾರಿಸ್‌ನಲ್ಲಿ ಲಾಸೆಗ್, ಲಂಡನ್‌ನಲ್ಲಿ ವಿಲಿಯಂ ಗಲ್ ಅನ್ನೋ ವೈದ್ಯರು ಇದನ್ನು ವಿವರಿಸಿದ್ದರು. ಈಗಿನ ಹೆಸರು ಗಲ್ ಕೊಟ್ಟದ್ದು. ಇದಕ್ಕೆ ಅಕ್ಕ ತಂಗಿಯರೂ ಇದ್ದಾರೆ. ಹೊಟ್ಟೆ ಬಿರಿಯುವಷ್ಟು ತಿಂದು ಆಮೇಲೆ ಹೊರಹಾಕುವ ಬುಲಿಮಿಯಾ ಒಂದು. ತಡೆಯಲಾಗದೆ ತಿಂದು ಒಳಗೊಳಗೇ ಸಾಯುವಷ್ಟು ನಾಚಿಕೆಪಡೋದು ಇನ್ನೊಂದು. ನೋಡೋಕೆ ದಪ್ಪಗಿರುವವರಿಗೂ ಬರುತ್ತೆ, ಹುಡುಗರಿಗೂ ಬರುತ್ತೆ. ಜಿಮ್‌ಗೆ ಹೋಗೋ ಸಹೋದರರೇ, "ಕಟಿಂಗ್ ಮಾಡ್ತಿದ್ದೀನಿ ಬ್ರೋ" ಅನ್ನೋದರ ಹಿಂದೆ ಕೆಲವೊಮ್ಮೆ ಏನಿರುತ್ತೆ ಅಂತ ನಿಮಗೇ ಗೊತ್ತು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಇದೂ ಇದೆ. ಹೃದಯದ ಬಡಿತ ನಿಧಾನವಾಗುತ್ತೆ. ವಾಂತಿ ಮಾಡುವವರಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ತಾಳವೇ ತಪ್ಪುತ್ತೆ. ಅಮೆರಿಕದ ಗಾಯಕಿ ಕ್ಯಾರೆನ್ ಕಾರ್ಪೆಂಟರ್ 1983ರಲ್ಲಿ ಇದರಿಂದಲೇ ಹೃದಯ ನಿಂತು ತೀರಿಕೊಂಡಾಗ ಅವರಿಗೆ 32 ವರ್ಷ. ಆದ್ದರಿಂದ "ಹುಡುಗೀರ ಡಯಟ್ ಹುಚ್ಚು" ಅಂತ ಯಾರೂ ನಗಬೇಡಿ.

ನಾನು ಇವತ್ತು ಕಾಯಿಲೆಗಿಂತ ಹೆಚ್ಚಾಗಿ ಸ್ನೇಹದ ಬಗ್ಗೆ ಮಾತಾಡೋಕೆ ಬಂದಿದ್ದೀನಿ. ಈ ಕಾಯಿಲೆ ಊಟ ಕಿತ್ತುಕೊಳ್ಳುತ್ತೆ ಅಂತ ಎಲ್ಲರಿಗೂ ಗೊತ್ತು. ಸ್ನೇಹಿತರನ್ನೂ ಕಿತ್ತುಕೊಳ್ಳುತ್ತೆ ಅನ್ನೋದು ಗೊತ್ತಿಲ್ಲ. ಯೋಚಿಸಿ ನೋಡಿ, ನಮ್ಮ ಸ್ನೇಹವೆಲ್ಲ ನಡೆಯೋದು ಎಲ್ಲಿ? ದರ್ಶಿನಿಯಲ್ಲಿ ನಿಂತು ಬೈ-ಟು ಕಾಫಿ ಕುಡಿಯುವಾಗ, ಯಾರದೋ ಹುಟ್ಟುಹಬ್ಬದ ಕೇಕಿನ ಮುಂದೆ, ಮದುವೆ ಮನೆಯ ಪಂಕ್ತಿಯಲ್ಲಿ, ಭಾನುವಾರ ಆರಾಧನೆ ಮುಗಿಸಿ ಬಿರಿಯಾನಿಗೆ ಹೋಗೋವಾಗ. ಊಟಕ್ಕೆ ಹೆದರುವವಳು ಇವಿಷ್ಟಕ್ಕೂ ಹೆದರುತ್ತಾಳೆ. ನಾನು ಒಂದೊಂದನ್ನೇ ತಪ್ಪಿಸಿದೆ. ಆರು ತಿಂಗಳಲ್ಲಿ ಯಾರೂ ಕರೆಯೋದೇ ನಿಂತುಹೋಯಿತು. "ನೋಡು, ಯಾರಿಗೂ ನೀನು ಬೇಡ" ಅಂತ ಒಳಗಿನ ಧ್ವನಿ ಹೇಳಿತು. ಬಾಗಿಲು ಹಾಕಿಕೊಂಡವಳು ನಾನೇ, ಆದರೆ ಅದು ನೆನಪಿಗೆ ಬರ್ತಿರಲಿಲ್ಲ.

ಇದು ನನ್ನ ಸ್ವಭಾವದ ದೋಷ ಅಂತಲೇ ಬಹಳ ದಿನ ನಂಬಿದ್ದೆ. ಆಮೇಲೆ ನನ್ನ ಡಾಕ್ಟರ್ ಒಂದು ಹಳೆಯ ಪ್ರಯೋಗದ ಬಗ್ಗೆ ಹೇಳಿದರು. ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಕಾಲ. ಯುರೋಪಿನಲ್ಲಿ ಲಕ್ಷಾಂತರ ಜನ ಹಸಿವಿನಲ್ಲಿದ್ದರು, ಅವರನ್ನು ಮತ್ತೆ ಹೇಗೆ ಊಟಕ್ಕೆ ತರಬೇಕು ಅನ್ನೋದು ವೈದ್ಯರಿಗೆ ಸರಿಯಾಗಿ ತಿಳಿದಿರಲಿಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ತೆಗೆದುಕೊಂಡು, ಅಲ್ಲಿನ ಫುಟ್‌ಬಾಲ್ ಸ್ಟೇಡಿಯಂ ಕೆಳಗಿನ ಕೋಣೆಗಳಲ್ಲಿ ಇಟ್ಟು, 1945ರಲ್ಲಿ 24 ವಾರ ಅರೆಹೊಟ್ಟೆಯಲ್ಲಿರಿಸಿದರು. ಅವರೆಲ್ಲ ಒಪ್ಪಿ ಬಂದವರು, ಕೋವಿ ಹಿಡಿಯೋದಿಲ್ಲ ಅಂದವರು. ಅವರಲ್ಲಿ ಅನೇಕರು ಮೆನೊನೈಟ್, ಬ್ರೆದರನ್, ಕ್ವೇಕರ್ ಸಭೆಗಳ ಹುಡುಗರು. ಕೊಲ್ಲೋದಿಲ್ಲ, ಆದರೆ ಹಸಿದವರಿಗಾಗಿ ಹಸಿಯುತ್ತೇವೆ ಅಂತ ಬಂದವರು. ಉಪವಾಸ ಅಂದ್ರೆ ಅದು ಅನ್ನಿಸುತ್ತೆ ನನಗೆ.

ಏನಾಯಿತು ಗೊತ್ತಾ? ತೂಕ ಸುಮಾರು ಕಾಲು ಭಾಗ ಇಳಿಯಿತು, ಅದಿರಲಿ. ಅವರ ಮನಸ್ಸು ಬದಲಾಯಿತು. ನಗು ನಿಂತಿತು. ಕ್ಲಾಸು, ಗೆಳತಿಯರು, ಚರ್ಚೆ ಎಲ್ಲದರಲ್ಲೂ ಆಸಕ್ತಿ ಹೋಯಿತು. ಅಡುಗೆ ಪುಸ್ತಕ ಓದುತ್ತಾ ಕೂತರು. ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದರು, ಕೊನೆಗೆ ತಟ್ಟೆ ನೆಕ್ಕಿದರು. ಒಬ್ಬರನ್ನೊಬ್ಬರು ಸಹಿಸಲಾಗದೆ ಮೂಲೆ ಸೇರಿದರು. ಇವರು ಮನೋರೋಗಿಗಳಲ್ಲ, ಬರೀ ಹಸಿದವರು. ಇದನ್ನು ಕೇಳಿದ ದಿನ ನಾನು ಡಾಕ್ಟರ್ ಮುಂದೆ ಅತ್ತೆ. ನನ್ನ ಒಂಟಿತನದಲ್ಲಿ ಎಷ್ಟೋ ಭಾಗ ನನ್ನ ಪಾಪವೂ ಅಲ್ಲ, ಸ್ವಭಾವವೂ ಅಲ್ಲ, ಹಸಿದ ಮೆದುಳಿನ ಕೆಲಸ. ಒಂದು ವ್ಯತ್ಯಾಸ ಇದೆ, ಹೇಳಲೇಬೇಕು: ಅವರಿಗೆ ತಿನ್ನೋ ಆಸೆ ಇತ್ತು, ಬಿಡ್ತಿರಲಿಲ್ಲ. ನನಗೆ ಊಟ ಮುಂದೆಯೇ ಇತ್ತು, ಭಯ ಬಿಡ್ತಿರಲಿಲ್ಲ.

ಅಲ್ಲಿ ಒಬ್ಬ ಯುವಕ ನಿಯಮ ಮುರಿದು ಹೊರಗೆ ತಿಂದ ಮೇಲೆ, ಯಾರೂ ಒಬ್ಬರೇ ಹೊರಗೆ ಹೋಗಬಾರದು, ಜೊತೆಗಾರ ಇರಲೇಬೇಕು ಅಂತ ನಿಯಮ ಮಾಡಿದರಂತೆ. ಅಂದ್ರೆ ಜೊತೆಗಾರನ ಕೆಲಸ ಕಾವಲು. ನನಗೂ ಅಂಥ ಜೊತೆಗಾರರು ಸಿಕ್ಕಿದ್ದರು. ತಟ್ಟೆ ನೋಡ್ತಾರೆ, ಎಷ್ಟು ಉಳಿಯಿತು ಎಣಿಸ್ತಾರೆ, ಬಾತ್‌ರೂಮ್ ಬಾಗಿಲ ಹತ್ತಿರ ನಿಲ್ತಾರೆ. ಪ್ರೀತಿಯಿಂದಲೇ. ಚಿಕಿತ್ಸೆಯ ಕೆಲವು ಹಂತಗಳಲ್ಲಿ ಮನೆಯವರು ಅಷ್ಟು ಎಚ್ಚರ ವಹಿಸಬೇಕಾಗುತ್ತೆ, ಡಾಕ್ಟರ್ ಹೇಳಿಕೊಟ್ಟ ಹಾಗೆ. ಸ್ನೇಹಿತರು ಆ ಕೆಲಸಕ್ಕೆ ಇಳಿದರೆ ನಾನು ಇನ್ನಷ್ಟು ಚೆನ್ನಾಗಿ ಸುಳ್ಳು ಹೇಳೋದು ಕಲಿತೆ, ಅಷ್ಟೇ.

ಕೆಡಿಸಿದ ಸ್ನೇಹವೂ ಒಂದಿತ್ತು. ಕಾಲೇಜಿನಲ್ಲಿ ಒಬ್ಬಳಿಗೆ ನನ್ನದೇ ಕಷ್ಟ. ಮೊದಲ ಬಾರಿ ಹೇಳಿಕೊಂಡ ದಿನ ಇಬ್ಬರೂ ಕೈ ಹಿಡಿದು ಅತ್ತೆವು, ಕೊನೆಗೂ ಅರ್ಥ ಮಾಡಿಕೊಳ್ಳುವವರು ಸಿಕ್ಕರು ಅಂತ. ಎರಡೇ ತಿಂಗಳಿಗೆ ಅದು ಪಂದ್ಯ ಆಯಿತು. ಇವತ್ತು ನೀನೆಷ್ಟು ತಿಂದೆ, ನಾನೆಷ್ಟು ಬಿಟ್ಟೆ. ಅವಳು ಕೆಟ್ಟವಳಲ್ಲ, ನಾನೂ ಅಲ್ಲ. ಇಬ್ಬರು ಮುಳುಗುವವರು ಒಬ್ಬರನ್ನೊಬ್ಬರು ಹಿಡಿದುಕೊಂಡ ಹಾಗೆ. ಆ ನಂಬರ್ ಬ್ಲಾಕ್ ಮಾಡಿದ್ದು ಈ ಇಡೀ ದಾರಿಯಲ್ಲಿ ನಾನು ಮಾಡಿದ ಕಷ್ಟದ ಕೆಲಸಗಳಲ್ಲಿ ಒಂದು. ಇವತ್ತಿಗೂ ಅವಳಿಗಾಗಿ ಪ್ರಾರ್ಥಿಸ್ತೀನಿ.

ಈಗ ನನ್ನ ರೂಮ್‌ಮೇಟ್ ವಿಷಯಕ್ಕೆ ಬರೋಣ. ಬಾಗಲಕೋಟೆ ಕಡೆಯವಳು. ವಿಶ್ವಾಸಿ ಅಲ್ಲ. ಅವಳ ಕಪಾಟಿನ ಮೇಲೆ ಅವಳ ದೇವರ ಫೋಟೋ, ನನ್ನ ಕಪಾಟಿನ ಮೇಲೆ ನನ್ನ ಸತ್ಯವೇದ. ಊರಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿ ಬರ್ತಿತ್ತು. ಒಂದು ರಾತ್ರಿ ಡಬ್ಬಿ ತೆಗೆದು ಎರಡು ತಟ್ಟೆ ಹಾಕಿದಳು. ನಾನು ಯಥಾಪ್ರಕಾರ ಉಪವಾಸದ ಮಾತೆತ್ತಿದೆ. ಅವಳು ವಾದ ಮಾಡಲಿಲ್ಲ. "ನೀ ಉಣ್ಣು, ಬಿಡು, ಅದು ನಿನಗ ಬಿಟ್ಟಿದ್ದು. ನಂಗ ಒಬ್ಬಾಕೀನ ಕುಂತು ಉಣ್ಣಾಕ ಬ್ಯಾಸರ. ಬಾ, ಕುಂದ್ರು" ಅಂದಳು. ಕೂತೆ. ಏನೂ ತಿನ್ನಲಿಲ್ಲ. ಅವಳು ಊರಿನ ಸುದ್ದಿ ಹೇಳ್ತಾ ಉಂಡಳು. ಮರುದಿನವೂ ಎರಡು ತಟ್ಟೆ. ಅದರ ಮರುದಿನವೂ. ಹನ್ನೊಂದೋ ಹನ್ನೆರಡೋ ದಿನಕ್ಕೆ ನಾನು ರೊಟ್ಟಿಯ ಒಂದು ಚೂರು ಮುರಿದೆ. ಅವಳು ನೋಡಿದಳು, ನೋಡದವಳ ಹಾಗೆ ತನ್ನ ಚಿಕ್ಕಪ್ಪನ ಟ್ರ್ಯಾಕ್ಟರ್ ಕಥೆ ಮುಂದುವರಿಸಿದಳು. ಆ ಕಥೆ ನನಗೆ ಇನ್ನೂ ನೆನಪಿದೆ. ಅವತ್ತು ಅವಳು ಚಪ್ಪಾಳೆ ತಟ್ಟಿದ್ದರೆ ನಾನು ಮತ್ತೆ ಮುಟ್ಟುತ್ತಿರಲಿಲ್ಲ.

ಎಲೀಯನು ಜೀವವೇ ಸಾಕು ಅಂತ ಅಡವಿಯಲ್ಲಿ ಗಿಡದ ಕೆಳಗೆ ಮಲಗಿದ್ದು ಓದಿದ್ದೀವಿ, ಮೊದಲನೆಯ ಅರಸುಗಳು 19. ದೇವದೂತ ಬಂದು ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರಿನ ಪಾತ್ರೆ. ತಟ್ಟಿ ಎಬ್ಬಿಸಿ ತಿನ್ನಿಸಿದ. ಎಲೀಯ ತಿಂದು ಮತ್ತೆ ಮಲಗಿದ. ದೂತನು ಬೇಸರಪಡದೆ ಎರಡನೇ ಸಲವೂ ಬಂದ. ದೇವರ ಬೆಟ್ಟದ ಪ್ರಯಾಣದ ಮಾತು ಬಂದದ್ದು ಆಮೇಲೆ. ನನ್ನ ಬಾಗಲಕೋಟೆಯ ಗೆಳತಿ ಈ ಅಧ್ಯಾಯ ಓದಿರಲಿಲ್ಲ. ನಾನು ಹತ್ತು ಸಲ ಓದಿದ್ದೆ.

ಆದರೆ ಅವಳು ಒಬ್ಬಳೇ. ಒಂದು ಬೆಳಿಗ್ಗೆ ನಾನು ಬಕೆಟ್ ಎತ್ತುವಾಗ ಕಣ್ಣು ಕತ್ತಲಾಗಿ ಬಿದ್ದೆ. ಎಚ್ಚರವಾದಾಗ "ಯಾರಿಗೂ ಹೇಳಬೇಡ, ಪ್ರಾಮಿಸ್ ಮಾಡು" ಅಂದೆ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. "ನನ್ನ ಕೈಲಿ ಆಗಂಗಿಲ್ಲ, ನೀ ಸತ್ರ ನಾ ಏನ್ ಮಾಡ್ಲಿ?" ಅಂತ ಕೂಗಿದಳು. ನನ್ನ ಫೋನ್ ತೆಗೆದು, ನಮ್ಮ ಸಭೆಯ ಒಬ್ಬ ಸಹೋದರಿಗೆ ಕರೆ ಮಾಡಿದಳು. ಆಗ ಅದು ನನಗೆ ದ್ರೋಹ ಅನ್ನಿಸಿತು. ನಾಲ್ಕು ದಿನ ಅವಳ ಹತ್ತಿರ ಮಾತಾಡಲಿಲ್ಲ.

ಈಗ ಮಾರ್ಕ 2 ನೋಡಿ, ಬೆರಳು ಇಟ್ಟ ಕಡೆ. ಕಪೆರ್ನೌಮಿನ ಮನೆ. ನಡೆಯಲಾಗದವನನ್ನು ಹೊತ್ತು ತಂದವರು ನಾಲ್ವರು. ಮಾರ್ಕನು ಅವರ ಹೆಸರು ಬರೆದಿಲ್ಲ, ಸಂಖ್ಯೆ ಬರೆದಿದ್ದಾನೆ. ಹಾಸಿಗೆಗೆ ನಾಲ್ಕು ಮೂಲೆ, ಮೂಲೆಗೊಬ್ಬರು. ಒಬ್ಬನೇ ಆಗಿದ್ದರೆ ಎಳೆದುಕೊಂಡು ಹೋಗಬೇಕಿತ್ತು, ದಾರಿಯಲ್ಲೇ ಇಬ್ಬರೂ ಬೀಳುತ್ತಿದ್ದರು. ಇಡೀ ಘಟನೆಯಲ್ಲಿ ರೋಗಿ ಒಂದು ಮಾತೂ ಆಡೋದಿಲ್ಲ, ಗಮನಿಸಿದ್ದೀರಾ? ನಂಬ್ತೀನಿ ಅಂತ ಹೇಳಲಿಲ್ಲ, ಕರ್ಕೊಂಡು ಹೋಗಿ ಅಂತಲೂ ಹೇಳಲಿಲ್ಲ. ಯೇಸು ಸ್ವಾಮಿ ನೋಡಿದ್ದು ಹೊತ್ತವರ ನಂಬಿಕೆಯನ್ನು. ಇನ್ನೊಂದು ಮಾತು, ಅವರ್ಯಾರೂ ದಾರಿಯಲ್ಲಿ ತಾವೇ ವಾಸಿಮಾಡಲು ಹೋಗಲಿಲ್ಲ. ಹೊತ್ತರು, ಮಾಳಿಗೆ ಬಿಚ್ಚಿದರು, ವಾಸಿಮಾಡಬಲ್ಲವನ ಮುಂದೆ ಇಳಿಸಿದರು. ಸ್ನೇಹಿತರ ಕೆಲಸದ ಗಡಿ ಅಲ್ಲಿಗೆ. ಯಾರೋ ಒಬ್ಬರ ಮನೆಯ ಮಾಳಿಗೆ ಹಾಳಾಯಿತು ಅನ್ನೋದೂ ನಿಜ. ನನ್ನ ಗೆಳತಿ ನನ್ನ ಮಾಳಿಗೆ ಬಿಚ್ಚಿದಳು.

ಆ ಸಹೋದರಿ ಬಂದರು. ನನ್ನನ್ನು "ಆತ್ಮಿಕ ಹುಡುಗಿ" ಅಂತ ಹೊಗಳಿದವರಲ್ಲಿ ಅವರೂ ಒಬ್ಬರು. ಮಂಚದ ತುದಿಯಲ್ಲಿ ಕೂತು, "ನನಗೆ ಕಾಣಲಿಲ್ಲ, ಕ್ಷಮಿಸು" ಅಂದರು. ಅಪ್ಪ ಅಮ್ಮನಿಗೆ ತಿಳಿಸಿದ್ದು ಅವರೇ. ಇನ್ನೊಬ್ಬರು ಇದು ದುರಾತ್ಮ, ಆಸ್ಪತ್ರೆ ಬೇಡ, ಬರೀ ಪ್ರಾರ್ಥನೆ ಸಾಕು ಅಂದಾಗ, ಇದೇ ಸಹೋದರಿ ಮೊಣಕಾಲೂರಿ ಪ್ರಾರ್ಥನೆ ಮಾಡಿ, ಎದ್ದು ಆಟೋ ಕರೆದರು. ನಾನು ದೈವಿಕ ಸ್ವಸ್ಥತೆಯನ್ನು ನಂಬುವವಳು. ಯಾಯೀರನ ಮಗಳನ್ನು ಎಬ್ಬಿಸಿದ ಮೇಲೆ ಯೇಸು ಸ್ವಾಮಿ ಅವಳಿಗೆ ತಿನ್ನಲು ಏನಾದರೂ ಕೊಡಿ ಅಂತ ಮನೆಯವರಿಗೆ ಹೇಳಿದ್ದನ್ನೂ ನಂಬುವವಳು. ಸತ್ತವಳನ್ನು ಎಬ್ಬಿಸಿದ ಕರ್ತನು ಊಟ ಬಡಿಸೋ ಕೆಲಸವನ್ನು ಮನುಷ್ಯರಿಗೆ ಬಿಟ್ಟ.

ಮೊದಲು ತೋರಿಸಿದ ಕಡೆ "ಚೆನ್ನಾಗಿ ತಿನ್ನಮ್ಮ, ಸರಿಹೋಗುತ್ತೆ" ಅಂತ ಟಾನಿಕ್ ಬರೆದು ಕಳಿಸಿದರು. ಎರಡನೇ ಕಡೆ ಮನೋವೈದ್ಯರು, ಆಹಾರ ತಜ್ಞರು ಇಬ್ಬರೂ ಸೇರಿ ನೋಡಿದರು. ಬಹಳ ದಿನ ಹಸಿದಿದ್ದವರಿಗೆ ಒಮ್ಮೆಲೇ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಅದಕ್ಕೇ ರಕ್ತಪರೀಕ್ಷೆ ಮಾಡ್ತಾ ಮಾಡ್ತಾ ನಿಧಾನವಾಗಿ ಏರಿಸಿದರು. ಪ್ರೀತಿಯಿಂದ ತುಂಬಿ ಬಡಿಸೋ ಅಮ್ಮಂದಿರು, ಸ್ನೇಹಿತರು ಇದನ್ನು ದಯವಿಟ್ಟು ನೆನಪಿಡಿ.

ನನಗೂ ಕೊನೆಗೆ ನಾಲ್ಕು ಮೂಲೆ ಆಯಿತು. ರೂಮ್‌ಮೇಟ್, ಆ ಸಹೋದರಿ. ಪ್ರತಿ ಗುರುವಾರ ಸ್ಕೂಟರ್‌ನಲ್ಲಿ ಆಸ್ಪತ್ರೆಗೆ ಬಿಟ್ಟು ಹೊರಗೆ ಕಾಯುತ್ತಿದ್ದ ನಮ್ಮ ಗುಂಪಿನ ಒಬ್ಬ ಅಣ್ಣ. ಮತ್ತೆ ಒಬ್ಬ ಕ್ಲಾಸ್‌ಮೇಟ್, ಅವನು ಒಂದು ದಿನವೂ ಕಾಯಿಲೆಯ ಬಗ್ಗೆ ಕೇಳಲಿಲ್ಲ. ನೋಟ್ಸ್ ತಂದುಕೊಟ್ಟು, ಆರ್‌ಸಿಬಿ ಹೇಗೆ ಸೋತಿತು ಅಂತ ಹೇಳ್ತಾ ಕೂರ್ತಿದ್ದ. ಆಗ ಆರ್‌ಸಿಬಿ ಸೋಲಿಗೇನೂ ಬರ ಇರಲಿಲ್ಲ. ನಾನು ರೋಗಿ ಮಾತ್ರ ಅಲ್ಲ, ಬೈಯೋಕೆ ಒಂದು ಟೀಮ್ ಇರೋ ಮಾಮೂಲಿ ಮನುಷ್ಯಳು ಅಂತ ನೆನಪಿಸಿದ್ದು ಅವನು. ರೂಮ್‌ಮೇಟ್ ದಣಿದಾಗ ಆ ಸಹೋದರಿ ಬಂದು ಕೂತರು. ಅವಳು ಒಂದು ವಾರ ಊರಿಗೆ ಹೋಗಿ ನಿದ್ದೆ ಮಾಡಿ ಬಂದಳು. ಅದಕ್ಕೇ ನಾಲ್ವರು ಬೇಕು ಅನ್ನೋದು. ಗುಣ ಆಗೋದಕ್ಕೆ ಮೂರು ವರ್ಷ ಹಿಡಿಯಿತು, ನಡುವೆ ಎರಡು ಸಲ ಜಾರಿದೆ.

ಕೆಲವು ಮಾತು ನೇರವಾಗಿ. ದೇಹದ ಬಗ್ಗೆ ಮಾತಾಡಲೇಬೇಡಿ, ಹೊಗಳೋದಕ್ಕೂ ಬೇಡ. "ಈಗ ಆರೋಗ್ಯವಾಗಿ ಕಾಣ್ತೀಯ" ಅಂತ ನೀವು ಹೇಳಿದ್ದು ಅವಳಿಗೆ "ದಪ್ಪ ಆದೆ" ಅಂತ ಕೇಳಿಸುತ್ತೆ. ಊಟದ ಹೊತ್ತಿಗಿಂತ ಕೆಲವರಿಗೆ ಊಟದ ನಂತರದ ಅರ್ಧ ಗಂಟೆ ಕಷ್ಟ. ಆಗ ಲೂಡೋ ಆಡಿ, ಏನಾದ್ರೂ ನೋಡಿ, ಎದ್ದು ಹೋಗಬೇಡಿ. ಬರಲ್ಲ ಅಂತ ಗೊತ್ತಿದ್ದರೂ ಕರೆಯೋದು ನಿಲ್ಲಿಸಬೇಡಿ. ತಲೆಸುತ್ತಿ ಬೀಳೋದು, ಎದೆಬಡಿತದಲ್ಲಿ ಏರುಪೇರು, ಸಾಯುವ ಮಾತು, ಇವುಗಳಲ್ಲಿ ಯಾವುದು ಕಂಡರೂ ಗುಟ್ಟು ಕಾಪಾಡಬೇಡಿ. ಅವರು ನಾಲ್ಕು ದಿನ ಮಾತು ಬಿಟ್ಟರೆ ಬಿಡಲಿ. ಯಾರನ್ನು ಕೇಳೋದು ಅಂತ ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, 14416, ದಿನದ ಯಾವ ಹೊತ್ತಿಗಾದರೂ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಊರಲ್ಲೇ ನಿಮ್ಹಾನ್ಸ್ ಇದೆ.

ಇನ್ನು ಜನವರಿ. ಹಸಿದವರಿಗೆ ರೊಟ್ಟಿ ಹಂಚೋದೇ ತನಗೆ ಮೆಚ್ಚಿಕೆಯಾದ ಉಪವಾಸ ಅಂತ ಕರ್ತನು ಹೇಳೋದು ಯೆಶಾಯ 58ರಲ್ಲಿದೆ, ಮನೆಗೆ ಹೋಗಿ ಓದಿ. ಊಟದ ಜೊತೆ ಇಂಥ ಹೋರಾಟ ಇರುವವರು, ಇದ್ದವರು ಊಟ ಬಿಡಬೇಡಿ. ಪಾಸ್ಟರ್ ಇದನ್ನು ಮುಂದಿನ ಭಾನುವಾರ ಸಭೆಯಲ್ಲೂ ಹೇಳ್ತಾರೆ. ಯಾಕೆ ಸೇರಿಲ್ಲ ಅಂತ ಯಾರೂ ಯಾರನ್ನೂ ಕೇಳೋ ಹಾಗಿಲ್ಲ. ನಾನು ಆ 21 ದಿನ ಫೋನ್ ಬಿಡ್ತೀನಿ, ಮೂರು ಹೊತ್ತು ಊಟ ಮಾಡ್ತೀನಿ. ನನಗೆ ಎರಡನೆಯದೇ ಹೆಚ್ಚು ವಿಧೇಯತೆಯ ಕೆಲಸ.

ಹಿಂದಿನ ಹಾಲ್‌ನಲ್ಲಿ ಚಿತ್ರಾನ್ನ, ಮೊಸರನ್ನ ಇದೆ. ಯಾರ ತಟ್ಟೆಯಲ್ಲಿ ಎಷ್ಟಿದೆ ಅಂತ ಇವತ್ತು ಯಾರೂ ಮಾತೆತ್ತಬೇಡಿ. ನಾನು ಕಿಟಕಿ ಪಕ್ಕದ ಬೆಂಚಲ್ಲಿ ಕೂತಿರ್ತೀನಿ. ಬಂದು ಕೂರಬಹುದು, ತಿನ್ನಲೇಬೇಕು ಅಂತಿಲ್ಲ. ಈಗ ತಲೆ ಬಾಗಿಸಿ, ಪ್ರಾರ್ಥಿಸೋಣ.